ಪದಚರ್ಚೆ: ‘ಪಾರಾದ್’ ಬ್ಯಾಲೆಯ ಹೆಸರಿಗೆ ‘ಕರೆಯಾಟ’ ಆದೀತೇ?

ದಿಯಾಗಿಲೆವ್‌ನ ರಷ್ಯನ್ ಬ್ಯಾಲೆ ತಂಡ 1917ರ ಮೇ 18ರಂದು ಪ್ಯಾರಿಸ್ಸಿನ ಷಾತ್ಲೆ ರಂಗಮಂದಿರದಲ್ಲಿ ಮೊದಲು ಆಡಿದ ‘ಪಾರಾದ್’ ಬಗ್ಗೆ ಕನ್ನಡದಲ್ಲಿ ಬರೆಯಹೊರಟರೆ ಹೆಸರಿನಲ್ಲೇ ತೊಡಕು. ಕಥಾಹಂದರ ಝಾನ್ ಕಾಕ್ತೊನದು, ಸಂಗೀತ ಎರಿಕ್ ಸಾತಿಯದು, ಪರದೆ, ರಂಗಸಜ್ಜು, ವೇಷಗಳು ಪಿಕಾಸೊನವು, ನೃತ್ಯಸಂಯೋಜನೆ ಲಿಯೊನಿದ್ ಮಾಸ್ಸಿನ್‌ನದು. ಇಂಗ್ಲಿಷಿನಲ್ಲೂ ಕಾಗುಣಿತ ಒಂದೇ ಆದ್ದರಿಂದ ‘ಪರೇಡ್’ ಎಂದು ಬರೆದುಬಿಡುವುದು ಸುಲಭ. ಆಗ ಓದುಗರಿಗೆ ಹೊಳೆಯುವುದು ಪೊಲೀಸ್ ಕವಾಯತು, ಇಲ್ಲವೇ ಗಣರಾಜ್ಯೋತ್ಸವದ ಪಥಸಂಚಲನ. ‘ಮೆರವಣಿಗೆ’ ಎಂದರೂ ತಪ್ಪೇ. ಈ ಬ್ಯಾಲೆಯಲ್ಲಿ ಯಾರೂ ಸಾಲುಗಟ್ಟಿ ಎಲ್ಲಿಗೂ ಹೋಗುವುದಿಲ್ಲ.

ಫ್ರೆಂಚ್ ಜಾತ್ರೆ-ಸರ್ಕಸ್‌ನವರ ಮಾತಿನಲ್ಲಿ ಪಾರಾದ್ ಎಂದರೆ ಡೇರೆಯ ಬಾಗಿಲ ಮುಂದೆ ಪುಕ್ಕಟೆ ತೋರಿಸುವ ತುಣುಕು. ಜನ ಅದನ್ನು ನೋಡಿ ಆಸೆಪಟ್ಟು, ಟಿಕೆಟ್ ಕೊಂಡು ಒಳಗೆ ಬರಬೇಕು. ಚಿತ್ರಕಾರ ಸ್ಯೂರಾ 1887–88ರಲ್ಲಿ ಬಿಡಿಸಿದ ಸರ್ಕಸ್ ಪಾರಾದ್ ಕೂಡ ಇದೇ. ಕಾಕ್ತೊನ ಕಥೆ ನಿಂತಿರುವುದು ಈ ಅರ್ಥದ ಮೇಲೆಯೇ. ಚೀನೀ ಜಾದೂಗಾರ, ಅಮೆರಿಕದ ಪುಟ್ಟ ಹುಡುಗಿ, ದೊಂಬರಾಟದ ಜೋಡಿ ಸರದಿಯಂತೆ ಹೊರಗೆ ಬಂದು ತಮ್ಮ ಚಮತ್ಕಾರ ತೋರಿಸುತ್ತಾರೆ. ಜಾದೂಗಾರ ಮೊಟ್ಟೆ ನುಂಗಿ ಅದನ್ನೇ ಪಾದರಕ್ಷೆಯ ತುದಿಯಿಂದ ತೆಗೆಯುತ್ತಾನೆ. ಜನ ಇದೇ ಪೂರ್ತಿ ಆಟ ಎಂದುಕೊಂಡು ಒಳಗೆ ಕಾಲಿಡುವುದೇ ಇಲ್ಲ. ಒಳಗೆ ಬನ್ನಿ ಎಂದು ಕೂಗಿ ಕೂಗಿ ಆಟದ ಮ್ಯಾನೇಜರುಗಳು ಸುಸ್ತಾಗಿ ಕುಸಿಯುತ್ತಾರೆ. ಹೆಸರನ್ನು ‘ಮೆರವಣಿಗೆ’ ಎಂದು ಅನುವಾದಿಸಿದರೆ ಈ ಕಥೆಗೆ ತಲೆಬುಡವೇ ಇರುವುದಿಲ್ಲ.

ನಮ್ಮಲ್ಲಿರುವ ಪದಗಳಲ್ಲಿ ‘ಪೂರ್ವರಂಗ’ ಥಟ್ಟನೆ ಒದಗುತ್ತದೆ, ಆದರೆ ಅದು ರಂಗಸ್ಥಳದಲ್ಲಿ, ಕೂತ ಪ್ರೇಕ್ಷಕರ ಎದುರು, ಆಟದ ಭಾಗವಾಗಿಯೇ ನಡೆಯುವಂಥದ್ದು. ‘ಒಡ್ಡೋಲಗ’ವಂತೂ ಪಾತ್ರಪ್ರವೇಶ. ಯಕ್ಷಗಾನದ ‘ಕೇಳಿ’ ಉದ್ದೇಶದಲ್ಲಿ ತೀರ ಹತ್ತಿರ: ಇಂದು ರಾತ್ರಿ ಆಟವಿದೆ ಎಂದು ಊರಿಗೆ ಸಾರಲು ಚೆಂಡೆ ಬಾರಿಸುವುದು. ಆದರೆ ಕೇಳಿಯಲ್ಲಿ ವೇಷವಿಲ್ಲ, ನೋಡುವಂಥದ್ದೇನೂ ಇಲ್ಲ, ಹಾಗಾಗಿ ಅದನ್ನೇ ಆಟವೆಂದು ಜನ ಭ್ರಮಿಸುವ ಪ್ರಶ್ನೆಯೂ ಇಲ್ಲ. ‘ಬಾಗಿಲಾಟ’ ಎಂದರೆ ಜಾಗ ಸಿಗುತ್ತದೆ, ಉದ್ದೇಶ ಸಿಗದು. ನನ್ನ ಒಲವು ‘ಕರೆಯಾಟ’ದ ಕಡೆಗೆ, ಅಂದರೆ ಜನರನ್ನು ಒಳಗೆ ಕರೆಯುವ ಆಟ. ಮೊದಲ ಸಲ ಬಂದಾಗ ‘ಪಾರಾದ್, ಅಂದರೆ ಕರೆಯಾಟ’ ಎಂದು ಬರೆದು, ಮುಂದೆ ‘ಪಾರಾದ್’ ಹೆಸರನ್ನು ಹಾಗೇ ಉಳಿಸಿಕೊಳ್ಳಬಹುದು.

ಇದರ ಜೊತೆಗೇ ಬರುವ ಇನ್ನೂ ಕೆಲವು ಪದಗಳಿವೆ. ‘ಮ್ಯಾನೇಜರ್’ಗೆ ‘ವ್ಯವಸ್ಥಾಪಕ’ ಬೇಡ. ಫ್ರೆಂಚಿನಲ್ಲೂ ಇದು ಎರವಲು ಪದವೇ, ನಮ್ಮ ಕಂಪನಿ ನಾಟಕದವರೂ ಮ್ಯಾನೇಜರ್ ಎಂದೇ ಅನ್ನುತ್ತಿದ್ದರು. ಪಿಕಾಸೊ ಇಬ್ಬರು ಮ್ಯಾನೇಜರುಗಳಿಗೆ ಸುಮಾರು ಮೂರು ಮೀಟರ್ ಎತ್ತರದ ಕ್ಯೂಬಿಸ್ಟ್ (ಕೋನ-ಮುಖಗಳಾಗಿ ಒಡೆದು ಜೋಡಿಸಿದ) ಕಟ್ಟೋಣವನ್ನೇ ಹೊರಿಸಿದ್ದ, ಅಮೆರಿಕದವನ ಮೈಮೇಲೆ ಗಗನಚುಂಬಿ ಕಟ್ಟಡಗಳು. ಅದರೊಳಗಿಂದ ಕುಣಿಯಲಾಗದು, ಹೆಜ್ಜೆ ಕುಟ್ಟಬಹುದು ಅಷ್ಟೆ. ಆದ್ದರಿಂದ ಅವರ ಪಾಲಿನದನ್ನು ವರ್ಣಿಸುವಾಗ ‘ನರ್ತನ’ಕ್ಕಿಂತ ‘ಕುಟ್ಟುಹೆಜ್ಜೆ’ ಸರಿ. ಮೂರನೆಯ ಮ್ಯಾನೇಜರ್ ಕುದುರೆ ಸವಾರನಾಗಬೇಕಿತ್ತು. ಸವಾರನ ಬೊಂಬೆ ಕೈಕೊಟ್ಟದ್ದರಿಂದ ಇಬ್ಬರು ನರ್ತಕರು ಹೊಕ್ಕ ಬರೀ ಕುದುರೆ ಉಳಿಯಿತು.

ಪಿಕಾಸೊ ಬಿಡಿಸಿದ ದೊಡ್ಡ ಪರದೆಯನ್ನು ‘ಹಿನ್ನೆಲೆ ಪರದೆ’ ಎನ್ನಬಾರದು. ಅದು ಆಟಕ್ಕೆ ಮೊದಲು ಮುಂದೆ ಇಳಿಬಿಟ್ಟಿರುವಂಥದ್ದು, ಎತ್ತರ ಹತ್ತು ಮೀಟರಿಗೂ ಹೆಚ್ಚು, ಅಗಲ ಹದಿನಾರಕ್ಕೂ ಹೆಚ್ಚು. ರಂಗಭೂಮಿಯವರ ‘ಅಂಕದ ಪರದೆ’ ಇದಕ್ಕೆ ಹೇಳಿಮಾಡಿಸಿದಂತಿದೆ. ಅದರಲ್ಲಿರುವುದು ಸರ್ಕಸ್‌ನವರು ಮೇಜಿನ ಸುತ್ತ ಕೂತ ಚಿತ್ರ. ಪರದೆ ಎದ್ದ ಮೇಲೆ ಕಾಣುವುದು ಹೊರಗಿನ ಬೀದಿ.

ಕವಿ ಅಪೊಲಿನೇರ್ ಈ ಬ್ಯಾಲೆಯ ಕಾರ್ಯಕ್ರಮದ ಹಾಳೆಯಲ್ಲಿ ಬಳಸಿದ ‘ಸ್ಯುರ್-ರಿಯಲಿಸ್ಮ್’ಗೆ ‘ಅತಿವಾಸ್ತವವಾದ’ ಎಂದು ಹಾಕಿದರೆ ಕಾಲ ಕೆಡುತ್ತದೆ. ಆ ಹೆಸರಿನ ಪಂಥ ಕಟ್ಟಿದ ಕವಿ ಬ್ರೆತೊನ್‌ನ ಪ್ರಣಾಳಿಕೆ ಬಂದದ್ದು 1924ರಲ್ಲಿ. 1917ರಲ್ಲಿ ಅದಿನ್ನೂ ಪಂಥವಲ್ಲ, ಅಡ್ಡಗೆರೆಯಿಟ್ಟು ಹೊಸದಾಗಿ ಜೋಡಿಸಿದ ಪದ. ‘ವಾದ’ ಬಿಟ್ಟು ‘ಅತಿ-ವಾಸ್ತವತೆ’ ಎಂದರೆ ಸಾಕು.

ಸಾತಿಯ ಸಂಗೀತದ ವಾದ್ಯಗಳ ಪಟ್ಟಿಯಲ್ಲಿ ಟೈಪ್‌ರೈಟರ್, ಸೈರನ್, ರಿವಾಲ್ವರ್, ಲಾಟರಿ ಚಕ್ರ ಇವಕ್ಕೆ ಚಿಂತೆಯಿಲ್ಲ. ಶ್ರುತಿ ಮಾಡಿದ ಬಾಟಲಿಗಳನ್ನು ಬಡಿದು ನುಡಿಸುವ ‘ಬೂತೆಯೊಫೋನ್’ಗೆ ಜಲತರಂಗದ ಜಾಡಿನಲ್ಲಿ ‘ಸೀಸೆತರಂಗ’ ಎನ್ನಬಹುದೆಂದು ತೋರುತ್ತದೆ. ತಾಳವಾದ್ಯ ಬಲ್ಲವರು ಒಪ್ಪುತ್ತೀರಾ? ‘ಕರೆಯಾಟ’ಕ್ಕೆ ಬದಲಾಗಿ, ಡೇರೆಯ ಮುಂದಿನ ಪುಕ್ಕಟೆ ಆಟಕ್ಕೆ ಜಾತ್ರೆಯ ಕಂಪನಿಗಳವರು ಬಳಸುವ ಪದ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.