ಯು ಆಕಾರದ ಉದ್ದ ದಿಂಬಿನಿಂದ ಕುತ್ತಿಗೆ ನೋವು: ಅಳತೆ ತಪ್ಪಿದ್ದೆಲ್ಲಿ?

ಪ್ರಶ್ನೆ, ಕಾರವಾರದಿಂದ

ಎಲ್ಲರಿಗೂ ನಮಸ್ಕಾರ. ನಾನೀಗ ಏಳು ತಿಂಗಳ ಬಸುರಿ. 28 ವಾರ ದಾಟಿದ ಮೇಲೆ ಅಂಗಾತ ಮಲಗದೆ ಮಗ್ಗುಲಾಗಿಯೇ ಮಲಗಬೇಕೆಂದು ವೈದ್ಯರು ಹೇಳಿದ್ದರಿಂದ, ಮೈಗೆ ಆನಿಸಿಕೊಂಡು ಮಲಗುವ ಉದ್ದ ದಿಂಬೊಂದನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಅದು ಯು ಆಕಾರದ್ದು. ಉದ್ದ 57 ಇಂಚು, ಅಗಲ 31 ಇಂಚು, ಒಳಗೆ ಪಾಲಿಯೆಸ್ಟರ್ ಫೈಬರ್, ಮೇಲೆ ಮಖಮಲ್ಲಿನಂಥ ಗವಸು.

ಹದಿನೈದು ದಿನವಾಯಿತು. ಬೆಳಿಗ್ಗೆ ಏಳುವಾಗ ಕುತ್ತಿಗೆ ಹಿಡಿದುಕೊಂಡಿರುತ್ತದೆ, ಯಾವುದಕ್ಕಾಗಿ ದಿಂಬು ತರಿಸಿದೆನೋ ಆ ಸೊಂಟದ ನೋವು ಇದ್ದಲ್ಲಿಯೇ ಇದೆ, ಬೆನ್ನು ಬೆವರಿನಿಂದ ತೊಯ್ದಿರುತ್ತದೆ. ನಮ್ಮ ಮಂಚ ನಾಲ್ಕಡಿ ಅಗಲದ್ದಾದ್ದರಿಂದ ನಮ್ಮ ಮನೆಯವರು ಗೋಡೆಗೆ ಒತ್ತಿಕೊಂಡು ಮಲಗಬೇಕಾಗಿದೆ. ಗಾದಿ ತೆಂಗಿನ ನಾರಿನದು. ನನ್ನ ಎತ್ತರ 5 ಅಡಿ 2 ಇಂಚು. ಹಿಂದಿರುಗಿಸುವ ಅವಧಿ ಮುಗಿದಿದೆ. ಇದನ್ನೇ ಸರಿಪಡಿಸಿಕೊಳ್ಳಬಹುದೇ, ಇಲ್ಲವೇ ಬೇರೆ ಆಕಾರದ್ದನ್ನು ತರಿಸಬೇಕೇ?

ಉತ್ತರ, ಶಿರಸಿಯಿಂದ

ತಂಗಿ, ನಾನು ಶಿರಸಿಯಲ್ಲಿ ಇಪ್ಪತ್ತು ವರ್ಷಗಳಿಂದ ಗಾದಿ, ದಿಂಬು ಹೊಲಿಯುತ್ತಿದ್ದೇನೆ. ಉತ್ತರಿಸುವ ಮೊದಲು ಒಂದು ವಿಷಯ ತಿಳಿಯಬೇಕು. ಯು ದಿಂಬಿನ ತಲೆಯ ಕಡೆಯ ಬಾಗಿನ ಮೇಲೆ ನಿಮ್ಮ ಹಳೆಯ ತಲೆದಿಂಬನ್ನೂ ಇಟ್ಟುಕೊಳ್ಳುತ್ತಿದ್ದೀರಾ?

ಪ್ರಶ್ನೆ ಕೇಳಿದವರು

ಹೌದು ಅಕ್ಕ. ಬಾಗು ಮೆತ್ತಗಿದೆ ಅನ್ನಿಸಿ ಹಳೆಯ ತಲೆದಿಂಬನ್ನು ಅದರ ಮೇಲೆಯೇ ಇಟ್ಟುಕೊಂಡಿದ್ದೇನೆ.

ಉತ್ತರ, ಶಿರಸಿಯಿಂದ

ಹಾಗಾದರೆ ಕುತ್ತಿಗೆ ನೋವಿಗೆ ಕಾರಣ ಅಲ್ಲಿಯೇ ಇದೆ. ಮಗ್ಗುಲಾಗಿ ಮಲಗಿದವರ ತಲೆಯ ಕೆಳಗೆ ಇರಬೇಕಾದ ಎತ್ತರ, ಕುತ್ತಿಗೆಯ ಬುಡದಿಂದ ಭುಜದ ಹೊರ ಅಂಚಿನವರೆಗೆ ಇರುವ ಅಂತರದಷ್ಟು. ಗಾದಿ ಮೆತ್ತಗಿದ್ದು ಭುಜ ಒಳಗೆ ಇಳಿಯುವಂತಿದ್ದರೆ ಆ ಎತ್ತರವನ್ನು ತಗ್ಗಿಸಬೇಕು. ನಿಮ್ಮದು ನಾರಿನ ಗಾದಿಯಾದ್ದರಿಂದ ಭುಜ ಇಳಿಯುವುದಿಲ್ಲ, ಅಳತೆ ಬಂದಷ್ಟೂ ಬೇಕು, ಆದರೆ ಎರಡು ದಿಂಬಿನ ಎತ್ತರ ಬೇಡ. ಹಳೆಯ ದಿಂಬನ್ನು ತೆಗೆದಿಡಿ. ಬಾಗಿನ ಭಾಗ ಮಾತ್ರ ಸಾಲದಾದರೆ ಮಡಿಸಿದ ಟವೆಲ್ಲೊಂದನ್ನು ಗವಸಿನೊಳಗೆ ಸೇರಿಸಿ ನೋಡಿ. ಹೆಚ್ಚಾದರೆ ಒಳಚೀಲದ ಹೊಲಿಗೆಯನ್ನು ನಾಲ್ಕು ಬೆರಳಿನಷ್ಟು ಬಿಚ್ಚಿ ಒಂದೆರಡು ಹಿಡಿ ಫೈಬರ್ ತೆಗೆದು ಮತ್ತೆ ಹೊಲಿಯಿರಿ.

ಇನ್ನು ಸೊಂಟದ ವಿಷಯ. ಇದನ್ನು ವಿವರವಾಗಿ ಬರೆಯುತ್ತೇನೆ, ಏಕೆಂದರೆ ನನ್ನಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಉದ್ದವನ್ನಷ್ಟೇ ಕೇಳುತ್ತಾರೆ, ದಪ್ಪವನ್ನು ಕೇಳುವುದಿಲ್ಲ. ಮಗ್ಗುಲಾಗಿ ಮಲಗಿದಾಗ ಮೇಲಿನ ಕಾಲು ತನ್ನ ಭಾರಕ್ಕೆ ತಾನೇ ಮುಂದಕ್ಕೆ ಜಾರಿ ಗಾದಿಗೆ ತಾಗುತ್ತದೆ, ಆಗ ಅದರ ಜೊತೆಗೆ ಸೊಂಟವೂ ತಿರುಚಿಕೊಳ್ಳುತ್ತದೆ. ಅದನ್ನು ತಡೆಯುವುದೇ ಈ ದಿಂಬಿನ ಮುಖ್ಯ ಕೆಲಸ. ಹೊಸದಾಗಿ ಬಂದ ಫೈಬರ್ ದಿಂಬು ಉಬ್ಬಿಕೊಂಡು ಚೆನ್ನಾಗಿ ಕಾಣುತ್ತದೆ, ಆದರೆ ರಾತ್ರಿಯಿಡೀ ಕಾಲಿನ ಭಾರ ಬಿದ್ದಾಗ ಅರ್ಧಕ್ಕರ್ಧ ಕುಸಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಆದ್ದರಿಂದ ನಾವು ಕೇಳಬೇಕಾದದ್ದು ಅಮುಕಿದ ಮೇಲೆ ಉಳಿಯುವ ದಪ್ಪವನ್ನು.

ಅದನ್ನು ಮನೆಯಲ್ಲಿಯೇ ಅಳೆಯಬಹುದು. ಹಳೆಯ ಸೀರೆಗಳಿಂದ ಹೊಲಿದ ಕೌದಿಯಂಥ ವಾಕಳವೋ, ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯೋ ಮನೆಯಲ್ಲಿದ್ದರೆ ತೆಗೆದುಕೊಳ್ಳಿ, ಇಲ್ಲವಾದರೆ ದಪ್ಪನೆಯ ಹೊದಿಕೆಯೂ ಆದೀತು. ಅದನ್ನು ಬಿಗಿಯಾಗಿ ಸುತ್ತಿ ಎರಡು ಕಡೆ ದಾರ ಕಟ್ಟಿ, ಮಗ್ಗುಲಾಗಿ ಮಲಗಿ, ಮೊಣಕಾಲಿನಿಂದ ಹರಡಿನವರೆಗೆ, ಅಂದರೆ ಪಾದದ ಕೀಲಿನವರೆಗೆ, ಆ ಸುರುಳಿಯ ಮೇಲೆ ಮೇಲಿನ ಕಾಲನ್ನು ಇಡಿ. ನಿಮ್ಮ ಮನೆಯವರು ಪಾದದ ಕಡೆ ನಿಂತು ನೋಡಲಿ. ತೊಡೆ ಗಾದಿಗೆ ಸಮಾನಾಂತರವಾಗಿ, ಸೊಂಟದ ಮಟ್ಟಕ್ಕೇ ಇದ್ದರೆ ಸರಿ. ಮೊಣಕಾಲು ಕೆಳಗಿದ್ದರೆ ಇನ್ನೊಂದು ಸುತ್ತು ಬೇಕು, ಮೇಲಿದ್ದರೆ ಒಂದು ಸುತ್ತು ಬಿಚ್ಚಬೇಕು. ಹರಡು ಗಾಳಿಯಲ್ಲಿ ತೂಗಬಾರದು, ಅದಕ್ಕೂ ಆಸರೆ ಇರಬೇಕು. ಸರಿಹೋದ ಮೇಲೆ ಕಾಲನ್ನು ಎತ್ತದೆ, ಭಾರ ಇರುವಾಗಲೇ ಸುರುಳಿಯ ಪಕ್ಕದಲ್ಲಿ ಸ್ಕೇಲು ನಿಲ್ಲಿಸಿ ಅಳತೆ ಬರೆದುಕೊಳ್ಳಿ. ಉದ್ದಕ್ಕಾಗಿ, ಅದೇ ಭಂಗಿಯಲ್ಲಿ ಗಲ್ಲದಿಂದ ಎದೆಯ ಮುಂದೆ ಹಾದು, ಮೊಣಕಾಲುಗಳ ನಡುವಿನಿಂದ ಹರಡಿನವರೆಗೆ ಟೇಪು ಹಿಡಿಯಿರಿ. ನಿಂತಾಗಿನ ಎತ್ತರ ಇಲ್ಲಿ ಉಪಯೋಗಕ್ಕೆ ಬಾರದು.

ಆಕಾರದ ಬಗ್ಗೆ ನನ್ನ ಅಭಿಪ್ರಾಯ ಹೀಗಿದೆ. ಯು ದಿಂಬಿಗೆ ನಿಜವಾದ ಒಂದು ಗುಣವಿದೆ: ಮಗ್ಗುಲು ಬದಲಿಸಿದಾಗ ಇನ್ನೊಂದು ತೋಳು ಅಲ್ಲಿ ಆಗಲೇ ಸಿದ್ಧವಾಗಿರುತ್ತದೆ, ಭಾರವಾದ ದಿಂಬನ್ನು ಮೈಮೇಲಿಂದ ದಾಟಿಸುವ ಕಷ್ಟವಿಲ್ಲ. ಆದರೆ ನಾಲ್ಕಡಿ, ಅಂದರೆ 48 ಇಂಚು ಅಗಲದ ಮಂಚದಲ್ಲಿ ಅದಕ್ಕೆ 31 ಇಂಚು ಕೊಟ್ಟರೆ ಇನ್ನೊಬ್ಬರಿಗೆ ಉಳಿಯುವುದು 17 ಇಂಚು. ಅದು ಐದಡಿ ಮಂಚಕ್ಕೆ, ಇಲ್ಲವೇ ಒಬ್ಬರೇ ಮಲಗುವವರಿಗೆ ತಕ್ಕದ್ದು. ಅದಲ್ಲದೆ ಬೆನ್ನಿನ ಹಿಂದಿನ ತೋಳು ಫ್ಯಾನಿನ ಗಾಳಿಯನ್ನು ತಡೆಯುತ್ತದೆ, ಕಾರವಾರದ ಸೆಕೆಯಲ್ಲಿ ಮಖಮಲ್ ಗವಸಿನೊಂದಿಗೆ ಬೆವರದೆ ಇರಲಾಗದು. ಸಿ ಆಕಾರದ್ದು ಇಷ್ಟು ಜಾಗ ಕೇಳುವುದಿಲ್ಲ, ಆದರೆ ಪ್ರತಿ ಸಲ ಹೊರಳಿದಾಗಲೂ ಅದನ್ನೆತ್ತಿ ತಿರುಗಿಸಬೇಕು. ನಿಮ್ಮ ಮಂಚಕ್ಕೆ, ನಿಮ್ಮ ಊರಿನ ಹವೆಗೆ ನೇರವಾದ ದಿಂಬೇ ಸರಿಯೆಂದು ನಾನು ದೃಢವಾಗಿ ಹೇಳುತ್ತೇನೆ.

ಉತ್ತರ, ಕುಮಟಾದಿಂದ

ನಾನೂ ಹೋದ ವರ್ಷ ಇದೇ ಸ್ಥಿತಿಯಲ್ಲಿದ್ದೆ. ಎಂಟನೆಯ ತಿಂಗಳಲ್ಲಿ ಹೊಟ್ಟೆಯ ಕೆಳಗೂ ಸಣ್ಣದೊಂದು ಆಸರೆ ಬೇಕಾಯಿತು. ಮಡಿಸಿದ ಪಂಚೆಯೇ ಸಾಕಾಯಿತು. ಹುಟ್ಟಿದ ಮೇಲೆ ಮಗು ಮಲಗುವ ಕಡೆ ಈ ದಿಂಬನ್ನು ಇಡಲೇಬೇಡಿ, ಒಂದು ವರ್ಷ ತುಂಬುವವರೆಗೆ ಮಗುವಿಗೆ ಯಾವ ದಿಂಬೂ ಬೇಡ. ನೋವು ಕಾಲಿಗೆ ಇಳಿದರೆ, ಅಥವಾ ಒಂದೇ ಕಾಲು ಊದಿಕೊಂಡು ನೋಯತೊಡಗಿದರೆ, ದಿಂಬು ಬದಲಿಸುತ್ತ ಕೂರದೆ ಕೂಡಲೇ ವೈದ್ಯರಿಗೆ ತೋರಿಸಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ಅತ್ತೆಯವರ ಹಳೆಯ ವಾಕಳವನ್ನು ಸುತ್ತಿ ನೋಡಿದೆವು. ಉದ್ದ 47 ಇಂಚು ಬಂತು, ಭಾರ ಬಿದ್ದಾಗಿನ ದಪ್ಪ 5 ಇಂಚು. ಯು ದಿಂಬಿನ ತೋಳನ್ನು ಅದೇ ರೀತಿ ಅಳೆದಾಗ ಎರಡೂವರೆ ಇಂಚಿಗೂ ಕಡಿಮೆ ಉಳಿದಿತ್ತು. ತಲೆದಿಂಬು ತೆಗೆದ ಮೂರನೆಯ ದಿನಕ್ಕೆ ಕುತ್ತಿಗೆ ನೋವು ಇಳಿಯಿತು. ಈಗ ಅಂಗಡಿಯಲ್ಲಿ 20 ಇಂಚು ಅಗಲ, 54 ಇಂಚು ಉದ್ದದ ನೇರ ದಿಂಬು ನೋಡಿದ್ದೇನೆ. 20 ಇಂಚು ನನಗೆ ಬಹಳ ದಪ್ಪವಾಗುವುದಿಲ್ಲವೇ?

ಉತ್ತರ, ಶಿರಸಿಯಿಂದ

ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಚೀಟಿಯಲ್ಲಿರುವ 20 ಇಂಚು, ಖಾಲಿ ಚೀಲವನ್ನು ಚಪ್ಪಟೆಯಾಗಿ ಹಾಸಿದಾಗಿನ ಅಗಲ. ಎರಡೂ ಮಗ್ಗುಲು ಸೇರಿ ಚೀಲದ ಸುತ್ತಳತೆ 40 ಇಂಚು. ಅದನ್ನು ದುಂಡಗಾಗುವಷ್ಟು ತುಂಬಿದರೂ ಅಡ್ಡಳತೆ ಹದಿಮೂರು ಇಂಚನ್ನು ಮುಟ್ಟುವುದಿಲ್ಲ, ಆದರೆ ಹಾಗೆ ತುಂಬಿದ್ದನ್ನು ಕಾಲುಗಳ ನಡುವೆ ಇಟ್ಟುಕೊಳ್ಳಲಾಗದು. ಮಾರಾಟಕ್ಕೆ ಬರುವವು ಅರೆ ತುಂಬಿದವು. ಆದ್ದರಿಂದ ಅಗಲವನ್ನು ಮರೆತು, ಅಂಗಡಿಯಲ್ಲಿಯೇ ದಿಂಬನ್ನು ನೆಲದ ಮೇಲಿಟ್ಟು ಮಂಡಿಯಿಂದ ಮೆಲ್ಲನೆ ಅಮುಕಿ, 5 ಇಂಚು ಉಳಿಯುತ್ತದೆಯೇ ನೋಡಿ. ಬಗ್ಗುವುದು ನಿಮಗೆ ಕಷ್ಟ, ಮನೆಯವರಿಗೆ ಹೇಳಿ. 54 ಇಂಚಿನ ಉದ್ದ ನಿಮ್ಮ 47ಕ್ಕೆ ಧಾರಾಳವಾಗಿ ಸಾಕು.

ಹೊಲಿಸುವುದಾದರೆ ಲೆಕ್ಕ ಇನ್ನೂ ಸರಳ. 8 ಇಂಚು ಅಡ್ಡಳತೆಯ ದುಂಡು ದಿಂಬಿಗೆ ಸುತ್ತಳತೆ ಸುಮಾರು 25 ಇಂಚು, ಹೊಲಿಗೆಗೆ ಒಂದು ಸೇರಿಸಿ 26 ಇಂಚು ಅಗಲದ ಬಟ್ಟೆ. ಎರಡು ತುದಿಗಳಿಗೆ 9 ಇಂಚಿನ ಎರಡು ವೃತ್ತಗಳು. ಜಗಲಿಯ ಮೇಲೆ ಒರಗಿಕೊಳ್ಳುವ ಲೋಡಿನಷ್ಟು ಗಟ್ಟಿಯಾಗಿ ತುಂಬಿಸಬೇಡಿ, ಅದು ಕಾಲನ್ನು ಎತ್ತಿಬಿಡುತ್ತದೆ, ತಾನೂ ಉರುಳುತ್ತದೆ. ಬೂರುಗದ ಹತ್ತಿ ಹಗುರ, ಅದರ ಎಳೆ ನೀರು ಹೀರುವುದಿಲ್ಲ, ಮೈಗೆ ತಂಪು. ಆದರೆ ಅದನ್ನು ತೊಳೆಯುವಂತಿಲ್ಲ. ಮಾಮೂಲಿ ಹತ್ತಿ ತೂಕ ಜಾಸ್ತಿ, ರಾತ್ರಿ ಹೊರಳುವಾಗ ಎಳೆದಾಡುವುದು ನಿಮಗೆ ಈಗ ಕಷ್ಟ.

ಪ್ರಶ್ನೆ ಕೇಳಿದವರು

ಅಂಗಡಿಯ ದಿಂಬು ಮಂಡಿಯ ಪರೀಕ್ಷೆಯಲ್ಲಿ ಸೋತಿತು, ಮೂರು ಇಂಚಿಗೆ ಕುಸಿಯಿತು. ಹಾಗಾಗಿ ಯು ದಿಂಬಿನ ಹಿಂದಿನ ತೋಳಿನ ಫೈಬರನ್ನು ತೆಗೆದು, 8 ಇಂಚಿನ ಅಳತೆಗೆ ಹೊಲಿಸಿದ 50 ಇಂಚು ಉದ್ದದ ಚೀಲಕ್ಕೆ ತುಂಬಿದೆವು. ಸಾಲದೆ ಬಂದಾಗ ಮುಂದಿನ ತೋಳನ್ನೂ ಬಿಚ್ಚಬೇಕಾಯಿತು. ತಲೆಯ ಕಡೆಯ ಬಾಗನ್ನು ಕತ್ತರಿಸಿ ತಲೆದಿಂಬು ಮಾಡಿಕೊಂಡಿದ್ದೇನೆ. ಕಳೆದ ಆರು ರಾತ್ರಿಗಳಿಂದ ಸೊಂಟದ ನೋವಿಗೆ ಎಚ್ಚರವಾಗಿಲ್ಲ. ಒಂದೇ ಚಿಂತೆ ಉಳಿದಿದೆ: ಪುನರ್ವಸು ಮಳೆ ಹಿಡಿದಿದೆ, ದಿಂಬಿಗೆ ಬೂಸಲು ಹಿಡಿಯದಂತೆ ಏನು ಮಾಡಬೇಕು?

ಉತ್ತರ, ಶಿರಸಿಯಿಂದ

ಮಳೆ ಮುಗಿಯುವವರೆಗೆ ದಿಂಬನ್ನು ತೊಳೆಯಲು ಹೋಗಬೇಡಿ, ಇಷ್ಟು ದಪ್ಪದ ಫೈಬರ್ ಒಳಗಿನವರೆಗೆ ಒಣಗುವುದಿಲ್ಲ. ತೆಳುವಾದ ಹತ್ತಿ ಬಟ್ಟೆಯ ಗವಸು ಎರಡು ಹೊಲಿಸಿ, ನಾಲ್ಕು ದಿನಕ್ಕೊಮ್ಮೆ ಬದಲಿಸಿ. ಬೆಳಿಗ್ಗೆ ಎದ್ದ ಕೂಡಲೇ ಹಾಸಿಗೆಯ ಮೇಲೆ ಹೊದಿಕೆ ಮುಚ್ಚಿಡದೆ, ದಿಂಬನ್ನು ಕುರ್ಚಿಯ ಬೆನ್ನಿಗೆ ನೇತುಹಾಕಿ ಅರ್ಧ ಗಂಟೆ ಫ್ಯಾನ್ ಹಾಕಿಡಿ. ಗೋಡೆಗೆ ಆನಿಸಿಡಬೇಡಿ, ಮಳೆಗಾಲದ ಗೋಡೆಯ ತೇವ ಮೊದಲು ತಗಲುವುದು ದಿಂಬಿಗೇ. ಬಿಸಿಲು ಕಂಡ ದಿನ ಗವಸು ತೆಗೆದು, ಎರಡೂ ಮಗ್ಗುಲು ಬಿಸಿಯಾಗುವಂತೆ ಹೊರಳಿಸಿ ಒಣಗಿಸಿ, ಪೂರ್ತಿ ಆರಿದ ಮೇಲೆ ಗವಸು ಹಾಕಿ.