ಗೋಡೆಯ ಹಾವಸೆ ಗೋಡೆಯ ಮೇಲೇ ಇರಲಿ

ಮನೆಯವರ ಗುಂಪಿಗೆ ಮೊನ್ನೆ ಕಾಕಾ ಒಂದು ಫಾರ್ವರ್ಡ್ ಹಾಕಿದರು: ‘ಮಳೆಗಾಲದ ಪಾಚಿ ಗಾಳಿಯ ವಿಷ ನುಂಗುತ್ತದೆ, ಟ್ರೇನಲ್ಲಿ ಬೆಳೆಸಿ ಮಲಗುವ ಕೋಣೆಯಲ್ಲಿಡಿ.’ ಜೊತೆಗೆ ಫೋಟೋ. ಪುಣೆಯ ಕೊಥ್ರೂಡ್‌ನಲ್ಲಿ ಅವರ ಕಾಂಪೌಂಡ್ ಗೋಡೆಯಿಂದ ಕೆರೆದು ತಂದದ್ದು, ಎರಡು ಟ್ರೇ.

ನಾನು: ಕಾಕಾ, ಮೊದಲು ಅದನ್ನು ಹೊರಗಿಡಿ. ಬಚ್ಚಲಿನ ಲೋಳೆ ಪಾಚಿ ಬೇರೆ, ಇದು ಪುಟ್ಟ ಎಲೆಯ ಹಾವಸೆ. ಇದಕ್ಕೆ ಬೇರಿಲ್ಲ. ಮಳೆಯಲ್ಲಿ, ದೂಳಿನಲ್ಲಿ ಬಂದದ್ದನ್ನು ಮೈಯೆಲ್ಲ ಹೀರುತ್ತದೆ. ಸೀಸ, ಕ್ಯಾಡ್ಮಿಯಂನಂಥ ವಿಷಲೋಹಗಳನ್ನು ಕೂಡ.

ಕಾಕಾ: ಹೀರಿದರೆ ಗಾಳಿ ಶುದ್ಧ ಆದಂತೆ ಅಲ್ವಾ? ನಮ್ಮ ರಸ್ತೆಯ ಟ್ರಾಫಿಕ್ ನೀನೇ ನೋಡಿದ್ದೀಯ.

ನಾನು: ಹೀರಿದ ಲೋಹ ಮಾಯವಾಗುವುದಿಲ್ಲ, ಅಲ್ಲೇ ಕೂಡುತ್ತದೆ. ನೀವು ಆ ರಸ್ತೆಯ ದೂಳನ್ನೇ ತಲೆದಿಂಬಿನ ಹತ್ತಿರ ತಂದಿಟ್ಟಿದ್ದೀರಿ. ಒಣಗಿದರೆ ಉದುರುತ್ತದೆ.

ತಮ್ಮ: ವಿಷ ಇದ್ದರೆ ಸಾಯಬೇಕಿತ್ತಲ್ಲ ಅಕ್ಕಾ? ಹಚ್ಚಹಸಿರಾಗಿದೆ.

ನಾನು: ಹಸಿರು ನೋಡಿ ನಂಬಬೇಡ. ಸೀಸ ಬಹುಪಾಲು ಜೀವಕೋಶದ ಹೊರಗೋಡೆಗೇ ಅಂಟಿಕೊಳ್ಳುತ್ತದೆ. ಒಳಗೆ ಹೊಕ್ಕಿದ್ದೇ ಕಾಟ ಕೊಡುವುದು. ಕೋಶದಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂಥವು ಹೆಚ್ಚುತ್ತವೆ. ಅವು ಪೊರೆಯ ಕೊಬ್ಬನ್ನು ಕೆಡಿಸುತ್ತವೆ, ಎಲೆಯ ಹಸಿರು ಕಡಿಮೆಯಾಗುತ್ತದೆ. ತಡೆಯೋಕೆ ಕ್ಯಾಟಲೇಸ್‌ನಂಥ ಕಿಣ್ವಗಳಿವೆ, ಕೋಶವೇ ಮಾಡಿಕೊಳ್ಳುವ ಗ್ಲುಟಾಥಯೋನ್ ಅನ್ನೋ ರಕ್ಷಕ ವಸ್ತು ಇದೆ. ಕ್ಯಾಡ್ಮಿಯಂ ಬಂದರೆ ಆ ಗ್ಲುಟಾಥಯೋನ್ ಅದನ್ನು ಕಟ್ಟಿಹಾಕುವುದಕ್ಕೇ ಖರ್ಚಾಗುತ್ತದೆ. ಪಾಪ, ಉಗುರಿನಷ್ಟು ಗಿಡ, ಎಷ್ಟು ಹೋರಾಡುತ್ತದೆ!

ಅತ್ತೆ: ಅಯ್ಯೋ, ಉಳಿದದ್ದನ್ನು ಕರಿಬೇವಿನ ಕುಂಡಕ್ಕೆ ಹಾಕಿಬಿಟ್ಟೆನಲ್ಲೇ!

ನಾನು: ತೆಗೆದುಬಿಡಿ ಅತ್ತೆ. ಮೇಲಿನ ಮಣ್ಣನ್ನೂ ಬದಲಿಸಿ. ದಿನಾ ತಿನ್ನುವ ಎಲೆ ಅದು.

ಕಾಕಾ: ಹಾಗಾದರೆ ಗೋಡೆಯದನ್ನೂ ಪೂರ್ತಿ ಕೆರೆಸಲಾ? ಸೊಸೈಟಿಯವರು ಹೇಗೂ ಬ್ಲೀಚಿಂಗ್ ಪೌಡರ್ ಹಾಕಿಸಬೇಕು ಅಂತಿದ್ದಾರೆ.

ನಾನು: ಬೇಡವೇ ಬೇಡ! ಅಲ್ಲಿದ್ದರೇ ಅದರಿಂದ ಉಪಯೋಗ, ಗಾಳಿಯಲ್ಲಿ ಯಾವ ಲೋಹ ಇದೆ ಅಂತ ಅದೇ ತೋರಿಸುತ್ತದೆ. ಅಮೆರಿಕದ ಪೋರ್ಟ್‌ಲ್ಯಾಂಡ್ ಊರಿನಲ್ಲಿ 2013ರಲ್ಲಿ ಮರಗಳ ಮೇಲಿನ ಹಾವಸೆಯ 346 ಮಾದರಿ ತೆಗೆದು ನೋಡಿದರು. ಬಣ್ಣದ ಗಾಜು ಮಾಡುವ ಕಡೆ ಕ್ಯಾಡ್ಮಿಯಂ ತುಂಬಾ ಜಾಸ್ತಿ ಇತ್ತು. ಆಮೇಲೆ ಅಲ್ಲಿನ ಗಾಳಿಯನ್ನು ಅಳೆದರು, ಅದರಲ್ಲೂ ಸಿಕ್ಕಿತು. ಯುರೋಪಿನಲ್ಲಂತೂ 1990ರಿಂದ ಐದು ವರ್ಷಕ್ಕೊಮ್ಮೆ ದೇಶ ದೇಶಗಳ ಹಾವಸೆ ಕೂಡಿಸಿ ಲೋಹ ಅಳೆಯುತ್ತಾರೆ.

ಕಾಕಾ: ನಮ್ಮ ಗೋಡೆಯದನ್ನೂ ಅಳೆಯಬಹುದಾ?

ನಾನು: ಭಾನುವಾರ ಬರುತ್ತೇನೆ. ರಸ್ತೆ ಕಡೆಯದು, ಹಿತ್ತಲ ಕಡೆಯದು, ಎರಡನ್ನೂ ಬೇರೆ ಬೇರೆ ಕಾಗದದ ಕವರಿಗೆ ಹಾಕೋಣ. ಚಾಕು ತಾಗಿಸಬೇಡಿ, ಅದರ ಲೋಹವೂ ಸೇರಿಬಿಡುತ್ತದೆ. ಅಲ್ಲಿವರೆಗೆ ಸೊಸೈಟಿಯವರನ್ನು ಹೇಗಾದರೂ ತಡೆಯಿರಿ.