ಸಹಾಯ ಬೇಕು: ಕುಲೆ ಮದುವೆ ಕಣ್ಣಾರೆ ಕಂಡವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಉಡುಪಿ, ಕಾಪು ಹತ್ತಿರ. ಅಜ್ಜಿ ಹೇಳುತ್ತಿದ್ದ ಕುಲೆಗಳ ಕತೆಯನ್ನು ಅವರಿರುವಾಗಲೇ ಬರೆದಿಡಲಿಲ್ಲ ಎಂಬ ಬೇಸರಕ್ಕೆ ಈಗ ಊರೂರಿನ ಅನುಭವ ಸೇರಿಸುತ್ತಿದ್ದೇನೆ. ದೈವಗಳ ವಿಷಯ ಅಲ್ಲ ಮಾರಾಯ್ರೆ, ಅದು ಬೇರೆಯೇ. ದೈವಕ್ಕೆ ಕೋಲ ಕೊಟ್ಟು ನಂಬುತ್ತೇವೆ. ಕುಲೆ ಎಂದರೆ ತೀರಿಹೋದ ನಮ್ಮ ಮನೆಯವರೇ.

ಮುಖ್ಯವಾಗಿ ಬೇಕಿರುವುದು ಕುಲೆ ಮದುವೆ, ಅಂದರೆ ಪ್ರೇತ ಮದುವೆ. ಮದುವೆಯಾಗದೆ ತೀರಿಕೊಂಡ ಹುಡುಗ ಹುಡುಗಿಗೆ ಬರಿ (ನಮ್ಮ ತುಳುವರ ಗೋತ್ರ) ನೋಡಿ, ಹೆಚ್ಚಾಗಿ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ), ಸೀರೆ ಧೋತಿ ಇಟ್ಟು ಶಾಸ್ತ್ರ ಮಾಡುತ್ತಾರಲ್ಲ, ಅದು. 2024ರಲ್ಲಿ ಪುತ್ತೂರು ಕಡೆಯ ಮನೆಯವರು 30 ವರ್ಷದ ಹಿಂದೆ ತೀರಿಹೋದ ಮಗಳಿಗೆ ವರ ಬೇಕೆಂದು ಪೇಪರಿನಲ್ಲಿ ಜಾಹೀರಾತು ಕೊಟ್ಟಿದ್ದರು. ನನ್ನ ಬೆಂಗಳೂರಿನ ಗೆಳೆಯರು ನಕ್ಕರು. ಅಮ್ಮ ನಗಲಿಲ್ಲ, "ಪಾಪ, ಸಿಕ್ಕಿತಾ?" ಎಂದು ಕೇಳಿದರು.

ಮದುವೆ ಮಾಡಿಸಬೇಕೆಂದು ಮನೆಯವರಿಗೆ ಗೊತ್ತಾದದ್ದು ಹೇಗೆ? ಕನಸು ಬಿತ್ತಾ, ಜ್ಯೋತಿಷಿಯ ಹತ್ತಿರ ಇಟ್ಟ ಪ್ರಶ್ನೆಯಲ್ಲಿ ಕಂಡಿತಾ? ಹುಡುಗಿಯನ್ನು ಒಪ್ಪಿಸಿಕೊಡುವಾಗ ಅಮ್ಮಂದಿರು ಅತ್ತರಾ? ಊಟಕ್ಕೆ ಏನಿತ್ತು? ಇಂಥದ್ದೇ ಬೇಕು ನನಗೆ. ಯೂಟ್ಯೂಬಿನಲ್ಲಿ ನೋಡಿದ್ದು ದಯವಿಟ್ಟು ಬೇಡ. ಯಾರ ಹೆಸರೂ ಹಾಕುವುದಿಲ್ಲ. ಊರು, ಅಂದಾಜು ವರ್ಷ ಸಾಕು. ಬರೆಯಲು ಉದಾಸೀನವಾದರೆ ತುಳುವಿನಲ್ಲೇ ವಾಯ್ಸ್ ಮೆಸೇಜ್ ಕಳಿಸಿ, ನಾನೇ ಕೇಳಿ ಬರೆದುಕೊಳ್ಳುತ್ತೇನೆ.